ಪರದೇಶದ ಅಡುಗೆಮನೆಗೆ ನಮ್ಮ ಮಕ್ಕಳು: ಭಾಷೆ ಕಲಿಸದೆ ಕಳುಹಿಸುವುದು ಸರಿಯೇ?

ಎರಡು ತಿಂಗಳ ಹಿಂದೆ ಇಶಾ ನಮಾಝ್ ಮುಗಿಸಿ ಮನೆಗೆ ಬಂದಾಗ ತಂಗಿಯ ಮಗನ ಕರೆ ಬಂತು. ಶಿರಸಿಯಲ್ಲಿ ಪಿಯುಸಿ ಓದಿ, ಹೊಟೇಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದ ಈ ಹುಡುಗ ಕಳೆದ ವರ್ಷದಿಂದ ಚೀನಾದ ಝೆಜಿಯಾಂಗ್ ಪ್ರಾಂತದ ಯೀವು ನಗರದಲ್ಲಿದ್ದಾನೆ. ಮ್ಯಾಂಡರಿನ್ ಕಲಿಯಲು ವಿದ್ಯಾರ್ಥಿ ವೀಸಾದ ಮೇಲೆ ಹೋದವನು. ಅಲ್ಲಿಯ ರೆಸ್ಟೋರೆಂಟ್ ಒಂದು ಅವನಿಗೆ ಆರು ತಿಂಗಳ ಇಂಟರ್ನ್‌ಶಿಪ್ ಕೊಡಲು ಮುಂದೆ ಬಂದಿತ್ತು. "ಮಾಮೂ, ಸೇರಲೇ ಬೇಡವೇ ಎಂದು ತಿಳಿಯುತ್ತಿಲ್ಲ. ಕರಾರು ಪತ್ರ ಪೂರ್ತಿ ಚೀನೀ ಲಿಪಿಯಲ್ಲಿದೆ. ಅರ್ಧದಷ್ಟೂ ಓದಲಾಗುತ್ತಿಲ್ಲ. ಅಡುಗೆಮನೆಯಲ್ಲಿ ಏನೇನು ಬೇಯಿಸುತ್ತಾರೆಂದು ಕೇಳಲು ಹೋದರೆ ಅವರು ಹೇಳಿದ್ದು ನನಗೆ ಅರ್ಥವಾಗುವುದಿಲ್ಲ" ಎಂದ. ಈ ವಿಷಯ ಮನೆಯಲ್ಲಿ ತಿಳಿದಾಗ ತಂಗಿ ಕಣ್ಣೀರಿಟ್ಟಳು. ಅವಳ ದುಃಖಕ್ಕೆ ಕಾರಣ ಕರಾರು ಪತ್ರವಲ್ಲ. "ಪಾತ್ರೆ ತೊಳೆಯಲು ಅಷ್ಟು ದೂರ ಕಳುಹಿಸಬೇಕಿತ್ತೇ ಭಾಯಿ?" ಎಂಬುದೇ ಅವಳ ಪ್ರಶ್ನೆಯಾಗಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದ ಹೊರದೇಶಕ್ಕೆ ಹೋಗುವ ಯುವಕರ ವಿಷಯದಲ್ಲಿ ನಾವು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡುತ್ತಿದ್ದೇವೆ. ಅಡುಗೆಮನೆಯ ಕೆಲಸವನ್ನು ಕೀಳೆಂದು ಭಾವಿಸುತ್ತೇವೆ. ಹೋದ ಊರಿನ ಭಾಷೆ ತಾನಾಗಿಯೇ ಬರುತ್ತದೆಂದು ನಂಬುತ್ತೇವೆ. ಮೊದಲನೆಯದು ಅಹಂಕಾರ, ಎರಡನೆಯದು ಅಲಕ್ಷ್ಯ. ಇವೆರಡರ ನಡುವೆ ಬೆಲೆ ತೆರುತ್ತಿರುವವನು ಇಪ್ಪತ್ತು ವರ್ಷದ ಹುಡುಗ.

ಕರಾವಳಿಯ ನಮ್ಮ ಬಂಧುಗಳಿಗೆ ಹೊರದೇಶ ಹೊಸತಲ್ಲ. ಭಟ್ಕಳದ ಕುಟುಂಬಗಳಲ್ಲಿ ದುಬೈ, ಜಿದ್ದಾಗಳ ಹೆಸರು ಪಕ್ಕದ ಬೀದಿಯ ಹೆಸರಿನಂತೆ ಬಳಕೆಯಲ್ಲಿದೆ. ಅಲ್ಲಿ ಅಣ್ಣನಿದ್ದಾನೆ, ಮಾವನಿದ್ದಾನೆ, ತಂಗಲು ಕೋಣೆಯಿದೆ. ಕುರ್‌ಆನ್ ಪಠಣದಿಂದಾಗಿ ಅರಬಿ ಲಿಪಿಯಾದರೂ ಪರಿಚಿತ. ಘಟ್ಟದ ಮೇಲಿನ ಹುಡುಗ ಪೂರ್ವ ದಿಕ್ಕಿಗೆ ಹೊರಟರೆ ಇವಾವುದೂ ಅವನ ಜೊತೆಗಿರುವುದಿಲ್ಲ. ಅಣ್ಣನ ಸ್ಥಾನದಲ್ಲಿ ಏಜೆಂಟ್ ಇರುತ್ತಾನೆ. ಈ ಹುಡುಗನನ್ನು ಕಳುಹಿಸಿದ ಏಜೆಂಟನೂ "ಭಾಷೆಯ ಚಿಂತೆ ಬೇಡ, ಮೊಬೈಲಿನಲ್ಲೇ ತರ್ಜುಮೆ ಆಗುತ್ತದೆ" ಎಂದು ಭರವಸೆ ನೀಡಿದ್ದ. ಚೀನಾದಲ್ಲಿ ಗೂಗಲ್ ನಡೆಯುವುದಿಲ್ಲ, ವಾಟ್ಸ್‌ಆ್ಯಪ್ ಕೂಡ ನಡೆಯುವುದಿಲ್ಲ ಎಂಬುದನ್ನು ಮಾತ್ರ ಆ ಮಹಾಶಯ ಹೇಳಿರಲಿಲ್ಲ. ಮಗನ ಮುಖ ನೋಡಲು ತಾಯಿ ವಿಚಾಟ್ ಎಂಬ ಅಲ್ಲಿಯ ಆ್ಯಪ್ ಕಲಿಯಬೇಕಾಯಿತು.

ಅಡುಗೆಮನೆಯಲ್ಲಿ ಭಾಷೆಗೇನು ಕೆಲಸ, ಕೈ ಚುರುಕಾಗಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಮ್ಯಾಂಡರಿನ್ ಸ್ವರಗಳ ಭಾಷೆ. ಒಂದೇ ಅಕ್ಷರಗುಚ್ಛವನ್ನು ನಾಲ್ಕು ಬಗೆಯ ಏರಿಳಿತದಲ್ಲಿ ನುಡಿದರೆ ನಾಲ್ಕು ಅರ್ಥಗಳು ಹೊರಡುತ್ತವೆ. "ತಾಂಗ್" ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಸಮಸ್ವರದಲ್ಲಿ ಎತ್ತಿ ಹೇಳಿದರೆ ಸಾರು, ಮೇಲಕ್ಕೇರಿಸಿದರೆ ಸಕ್ಕರೆ, ಥಟ್ಟನೆ ಕೆಳಕ್ಕಿಳಿಸಿದರೆ ಸುಡುವಷ್ಟು ಬಿಸಿ. ಕುದಿಯುವ ಎಣ್ಣೆಯ ಬಾಣಲೆ ಹಿಡಿದು ಹಿಂದಿನಿಂದ ಬರುತ್ತಿರುವವನು "ತಾಂಗ್!" ಎಂದು ಕೂಗಿದಾಗ ಸಕ್ಕರೆಯ ಡಬ್ಬಿಗಾಗಿ ತಿರುಗುವ ಹುಡುಗನ ಗತಿ ಏನಾದೀತು? ಉಪ್ಪು ಮತ್ತು ಹೊಗೆಗಳ ನಡುವಿನ ವ್ಯತ್ಯಾಸವೂ ಅಲ್ಲಿ ಸ್ವರ ಮಾತ್ರದ್ದು. ನಮ್ಮ ಕನ್ನಡ, ಉರ್ದು, ಕೊಂಕಣಿಗಳಲ್ಲಿ ಇಂಥ ವ್ಯವಸ್ಥೆ ಇಲ್ಲದ ಕಾರಣ ಕಿವಿಯನ್ನು ಹೊಸದಾಗಿಯೇ ಪಳಗಿಸಬೇಕು.

ಹಾಗೆಂದು ಈ ಭಾಷೆ ಅಭೇದ್ಯ ಕೋಟೆಯೇನಲ್ಲ. ಕನ್ನಡದಲ್ಲಿ ಹೋದೆನು, ಹೋದನು, ಹೋದಳು, ಹೋದರು ಎಂದು ಕ್ರಿಯಾಪದ ಬಾಗುತ್ತಲೇ ಇರುತ್ತದೆ. ಅಲ್ಲಿ ನಾನೋ ನೀನೋ ಅವನೋ ಅವಳೋ, ಕ್ರಿಯಾಪದ ಒಂದೇ. ಹಿರಿಯರಿಗೆ ನೀವು, ಸಮಾನರಿಗೆ ನೀನು ಎಂಬ ವಿವೇಚನೆ ನಮ್ಮಲ್ಲಿರುವಂತೆ ಅಲ್ಲಿಯೂ "ನಿನ್" ಮತ್ತು "ನಿ" ಎಂದಿದೆ. ಎದುರಾದವರನ್ನು "ಊಟವಾಯಿತೇ?" ಎಂದು ಕೇಳುವುದು ನಮ್ಮಂತೆಯೇ ಅವರಲ್ಲೂ ಹಳೆಯ ಕುಶಲಪ್ರಶ್ನೆ. ಸಿದ್ದಾಪುರದ ಹವ್ಯಕರ ಮನೆಯಲ್ಲಿ ಕಾಲಿಟ್ಟೊಡನೆ ಆಸರಿಗೆ ಏನು ಬೇಕೆಂದು ಕೇಳಿಸಿಕೊಂಡು ಬೆಳೆದವನಿಗೆ ಇದು ಪರಕೀಯವೆನಿಸಲಾರದು. ಅಲ್ಲಿ ಮುಖ್ಯ ಬಾಣಸಿಗನನ್ನು "ಶಿಫು" ಎನ್ನುತ್ತಾರೆ. ನಮ್ಮ ಗ್ಯಾರೇಜಿನಲ್ಲಿ, ಹೊಲಿಗೆ ಅಂಗಡಿಯಲ್ಲಿ, ಬಿರಿಯಾನಿ ಹಂಡೆಯ ಬಳಿಯಲ್ಲಿ ಕೇಳಿಬರುವ "ಉಸ್ತಾದ್" ಎಂಬ ಪದಕ್ಕೆ ಇದಕ್ಕಿಂತ ಹತ್ತಿರದ ಪದ ಬೇರೊಂದಿರಲಾರದು. ಬೆಂಕಿಯ ಪ್ರಮಾಣವನ್ನೂ ಸಮಯವನ್ನೂ ಅರಿತು ಬೇಯಿಸುವ ಜಾಣ್ಮೆಗೆ ಚೀನೀ ಅಡುಗೆಯವರು ಬಳಸುವ ಪ್ರತ್ಯೇಕ ಪದವನ್ನು ಹುಡುಗ ನನಗೆ ವಿವರಿಸಲು ಹತ್ತು ನಿಮಿಷ ಹೆಣಗಿದ. ಕೊನೆಗೆ ನಾನೇ "ಹದ ಅಲ್ಲವೇನಪ್ಪಾ?" ಎಂದೆ. ಮಗುಚಿಟ್ಟ ಮಡಕೆಯ ಮೇಲೆ ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟನ್ನು ತೆಳುವಾಗಿ ಸವರಿ ತೊಡದೇವು ಎಬ್ಬಿಸುವ ಶಿರಸಿ ಸೀಮೆಯ ಹೆಂಗಸರಿಗೆ ಹದ ಎಂದರೇನೆಂದು ಯಾವ ದೇಶದ ಪಾಠಶಾಲೆಯೂ ಕಲಿಸಬೇಕಾಗಿಲ್ಲ.

ಭಾಷೆ ಕಲಿಯುವ ಸಾಮರ್ಥ್ಯ ನಮ್ಮ ಮಕ್ಕಳಿಗಿಲ್ಲ ಎಂಬುದಂತೂ ಶುದ್ಧ ಸುಳ್ಳು. ಯಲ್ಲಾಪುರದ ಸಂತೆಯಲ್ಲಿ ಅರ್ಧ ಗಂಟೆ ನಿಂತು ಕೇಳಿ. ಕನ್ನಡ, ಕೊಂಕಣಿ, ಮರಾಠಿ, ದಖ್ಖನಿ ಉರ್ದು ಕಿವಿಗೆ ಬೀಳುತ್ತವೆ. ಸಿದ್ದಿ ಸಮುದಾಯದ ಮಗುವೊಂದು ಮನೆಯಲ್ಲಿ ಕೊಂಕಣಿಯ ಛಾಯೆಯ ತನ್ನ ನುಡಿಯನ್ನಾಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಸಂತೆಯಲ್ಲಿ ಮತ್ತೊಂದು ಭಾಷೆಯಲ್ಲಿ ಚೌಕಾಸಿ ಮಾಡುತ್ತದೆ. ಹತ್ತು ವರ್ಷ ತುಂಬುವುದರೊಳಗೆ ಮೂರು ಭಾಷೆ ಬಲ್ಲ ಮಕ್ಕಳಿಗೆ ನಾಲ್ಕನೆಯದು ಬಾರದೆಂದು ತೀರ್ಪು ಕೊಡಲು ನಾವು ಯಾರು? ಕಲಿಸುವ ವ್ಯವಸ್ಥೆ ಇಲ್ಲ ಎನ್ನುವುದು ಬೇರೆ ಮಾತು. ಅದು ನಮ್ಮ ಲೋಪ, ಅವರದಲ್ಲ.

ನಮ್ಮ ಜಿಲ್ಲೆಯ ಚರಿತ್ರೆಯನ್ನು ನಾವು ಮರೆತಿದ್ದೇವೆ. 14ನೆಯ ಶತಮಾನದ ನಲ್ವತ್ತರ ದಶಕದಲ್ಲಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದ. ಸಿದ್ದಾಪುರದಿಂದ ಗೇರುಸೊಪ್ಪೆಯ ಘಟ್ಟ ಇಳಿದರೆ ಸಿಗುವ ಅದೇ ಹೊನ್ನಾವರ. ಅಲ್ಲಿ ಗಂಡುಮಕ್ಕಳ 23 ಶಾಲೆಗಳನ್ನೂ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಕಂಡುದಾಗಿಯೂ, ಇಂಥದ್ದನ್ನು ಬೇರೆಲ್ಲಿಯೂ ನೋಡಿರಲಿಲ್ಲವೆಂದೂ ಆತ ಬರೆದಿಟ್ಟಿದ್ದಾನೆ. ಅಲ್ಲಿಯ ಸುಲ್ತಾನನ ಮನೆಯ ಊಟವನ್ನಂತೂ ಬಡಿಸಿದ ಅನುಕ್ರಮದಲ್ಲಿಯೇ ವರ್ಣಿಸಿದ್ದಾನೆ: ಅನ್ನ, ಅದರ ಮೇಲೆ ತುಪ್ಪ, ಹಸಿ ಮೆಣಸಿನ ಗೊಂಚಲು, ಶುಂಠಿ, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿ, ಬಳಿಕ ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು. ಅಪ್ಪೆಮಿಡಿಯ ನಾಡಿನವರಿಗೆ ಈ ಎಲೆ ಅಪರಿಚಿತವೇ? ಅದೇ ಪ್ರವಾಸಿ ಮುಂದೆ ಕಲ್ಲಿಕೋಟೆಯ ಬಂದರಿನಲ್ಲಿ 13 ಚೀನೀ ಹಡಗುಗಳನ್ನು ಕಂಡ. ಆಮೇಲೆ ತಾನೂ ಚೀನಾ ತಲುಪಿದ.

ಎಪ್ಪತ್ತು ವರ್ಷಗಳ ಅನಂತರ ಪ್ರಯಾಣದ ದಿಕ್ಕು ತಿರುಗಿತು. ಮುಸ್ಲಿಮ್ ನೌಕಾಧಿಪತಿ ಝೆಂಗ್ ಹೆಯ ಹಡಗುಪಡೆಯೊಂದಿಗೆ 1413ರಲ್ಲಿ ಮಾ ಹುವಾನ್ ಎಂಬ ಮುಸ್ಲಿಮ್ ದುಭಾಷಿ ಹೊರಟ. ಅಧಿಕಾರಿಯಾಗಿ ಅಲ್ಲ, ಅರಬಿ ಬಲ್ಲವನೆಂಬ ಒಂದೇ ಅರ್ಹತೆಯಿಂದ. ಕಲ್ಲಿಕೋಟೆ, ಕೊಚ್ಚಿಗಳ ಮೆಣಸಿನ ವ್ಯಾಪಾರವನ್ನೂ ಜನರ ಆಹಾರ ಕ್ರಮವನ್ನೂ ಆತ ದಾಖಲಿಸಿದ. ಆ ಮಹಾ ಹಡಗುಪಡೆಯ ಅಧಿಕಾರಿಗಳಲ್ಲಿ ಬಹುತೇಕರ ಹೆಸರು ಇಂದು ಯಾರಿಗೂ ತಿಳಿದಿಲ್ಲ. ದುಭಾಷಿಯ ಪುಸ್ತಕವನ್ನು ಆರು ಶತಮಾನಗಳ ಬಳಿಕವೂ ವಿದ್ವಾಂಸರು ಓದುತ್ತಿದ್ದಾರೆ. ಈ ಮಾ ಹುವಾನ್ ಹುಟ್ಟಿದ್ದು ಇದೇ ಝೆಜಿಯಾಂಗ್ ಪ್ರಾಂತದಲ್ಲಿ, ನಮ್ಮ ಹುಡುಗ ಈಗಿರುವ ಊರಿಗೆ ಬಹಳ ದೂರವೇನಲ್ಲ.

ಅಡುಗೆಮನೆಯ ಕೆಲಸ ಕೀಳು ಎಂಬ ಭಾವನೆಯ ವಿಚಾರ. ಉಡುಪಿ ಹೊಟೇಲುಗಳನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ಹುಡುಗರಾಗಿ ಮುಂಬಯಿಗೆ ಹೋಗಿ ಟೇಬಲ್ ಒರೆಸಿದವರು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಸಂಘಟನೆಗಳು ನಡೆಸುತ್ತಿದ್ದ ರಾತ್ರಿಶಾಲೆಗಳಲ್ಲಿ ಓದಿದರು. ದುಡಿಮೆಗೂ ಓದಿಗೂ ಒಂದೇ ದಿನದಲ್ಲಿ ಜಾಗ ಮಾಡಿಕೊಟ್ಟ ಆ ರಾತ್ರಿಶಾಲೆಗಳಿಲ್ಲದಿದ್ದರೆ ಅವರಲ್ಲಿ ಹಲವರು ಕೊನೆಯವರೆಗೂ ಲೋಟ ತೊಳೆಯುತ್ತಲೇ ಇರುತ್ತಿದ್ದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೊಟೇಲಿನ ಯಜ್ಞನಾರಾಯಣ ಮಯ್ಯರು, ವ್ಯಾಪಾರ ಕುದುರಿದ ಮೇಲೂ 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ರೆಸ್ಟೋರೆಂಟುಗಳು ನಡೆಯುವ ಬಗೆಯನ್ನು ನೋಡಿ ಬಂದರು. ಸ್ವಚ್ಛತೆಯ ಪಾಠವನ್ನು ಅಲ್ಲಿಂದ ಹೊತ್ತು ತಂದರು. ಮಾಲೀಕನೇ ಕಲಿಯಲು ಹೊರದೇಶಕ್ಕೆ ಹೋಗಬಹುದಾದರೆ ನಮ್ಮ ಹುಡುಗ ಬಾಣಲೆ ತೊಳೆದರೆ ಯಾರ ಮಾನ ಹೋಗುತ್ತದೆ?

ನಮ್ಮ ಸಮುದಾಯದ ಎದುರು ಇಡಬೇಕಾದ ಇನ್ನೂ ಸಮೀಪದ ಉದಾಹರಣೆ ಚೀನಾದಲ್ಲಿಯೇ ಇದೆ. ಛಿಂಗ್‌ಹಾಯ್ ಪ್ರಾಂತದಲ್ಲಿ ಹ್ವಾಲೊಂಗ್ ಎಂಬ ಬಡ ಗುಡ್ಡಗಾಡು ಜಿಲ್ಲೆಯಿದೆ. ಹುಯಿ ಮತ್ತು ಸಾಲಾರ್ ಮುಸ್ಲಿಮರು ಅಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ. 1980ರ ದಶಕದ ಕೊನೆಯಿಂದ ಅಲ್ಲಿನ ರೈತರು ಸಾಲ ಮಾಡಿ, ಸಾವಿರಾರು ಕಿಲೋಮೀಟರ್ ದೂರದ ಕರಾವಳಿ ನಗರಗಳಿಗೆ ಹೋಗಿ, ಕೈಯಿಂದ ಎಳೆದು ಮಾಡುವ ನೂಡಲ್ಸಿನ ಪುಟ್ಟ ಅಂಗಡಿಗಳನ್ನು ತೆರೆದರು. ಇಂದು ಚೀನಾದ ಬಹುತೇಕ ನಗರಗಳಲ್ಲಿ "ಲಾನ್‌ಝೌ" ಹೆಸರಿನ ಹಲಾಲ್ ನೂಡಲ್ಸ್ ಅಂಗಡಿಗಳು ಕಾಣಸಿಗುತ್ತವೆ. ಅವುಗಳಲ್ಲಿ ದೊಡ್ಡ ಪಾಲು ಹ್ವಾಲೊಂಗಿನವರದು. ತಿಳಿಸಾರು, ಬಿಳಿ ಮೂಲಂಗಿ, ಕೆಂಪು ಮೆಣಸಿನೆಣ್ಣೆ, ಹಸಿರು ಸೊಪ್ಪು, ಹಳದಿ ನೂಡಲ್ಸ್, ಇಷ್ಟೇ ಬಂಡವಾಳ. ಮೊದಲು ಹೋದವನು ಊರಿನಿಂದ ನೆಂಟರನ್ನು ಕರೆಸಿಕೊಂಡ. ಬಂದವನು ಮೊದಲು ಬಟ್ಟಲು ತೊಳೆದ, ಅನಂತರ ಹಿಟ್ಟು ನಾದಿದ, ಎರಡು ಮೂರು ವರ್ಷಗಳ ಬಳಿಕ ತನ್ನದೇ ಅಂಗಡಿ ತೆರೆದ. ಆ ಜಿಲ್ಲಾಡಳಿತವೂ ಸುಮ್ಮನೆ ಕುಳಿತಿರಲಿಲ್ಲ. ನೂಡಲ್ಸ್ ಎಳೆಯುವ ತರಬೇತಿ ಶಿಬಿರಗಳನ್ನು ನಡೆಸಿತು, ದೂರದ ನಗರಗಳಲ್ಲಿ ತನ್ನವರ ತೊಂದರೆ ಆಲಿಸಲು ಸಂಪರ್ಕ ಕಚೇರಿಗಳನ್ನು ತೆರೆಯಿತು. ಗುಡ್ಡಗಾಡಿನ ತಾಲೂಕಿನಿಂದ ಹೋಗುವ ನಮ್ಮವರ ತೊಂದರೆ ಆಲಿಸಲು ಯಾರಿದ್ದಾರೆ?

ಚೀನಾದಲ್ಲಿ ಮುಸ್ಲಿಮರ ಸ್ಥಿತಿಯನ್ನು ತಿಳಿದೂ ಈ ಮಾತನ್ನಾಡುತ್ತಿದ್ದೇನೆ. ಕ್ಸಿನ್‌ಜಿಯಾಂಗಿನಲ್ಲಿ 2017ರಿಂದ ಉಯ್‌ಘರ್ ಮುಸ್ಲಿಮರನ್ನು ಬೃಹತ್ ಪ್ರಮಾಣದಲ್ಲಿ ಬಂಧನ ಶಿಬಿರಗಳಿಗೆ ತಳ್ಳಿದ ವಿಷಯದಲ್ಲಿ, ಅದು ಮಾನವಕುಲದ ವಿರುದ್ಧದ ಅಪರಾಧವಾಗಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್ 31ರಂದು ವರದಿ ನೀಡಿದೆ. 2019ರಲ್ಲಿ ರಾಜಧಾನಿ ಬೀಜಿಂಗ್‌ನಲ್ಲಿ ಹಲಾಲ್ ಹೊಟೇಲುಗಳ ಫಲಕಗಳಿಂದ ಅರಬಿ ಅಕ್ಷರಗಳನ್ನು ತೆಗೆಸಲಾಯಿತು. ಅರಬಿಯಲ್ಲಿ ಬರೆದ ಹಲಾಲ್ ಎಂಬ ಪದವನ್ನೇ ನಂಬಿ ಹೊರಡುವ ನಮ್ಮ ಹುಡುಗನಿಗೆ ಫಲಕದ ಮೇಲೆ ಅದು ಕಾಣದೇ ಹೋಗಬಹುದು. "ಛಿಂಗ್‌ಝೆನ್" ಎಂಬ ಎರಡು ಚೀನೀ ಅಕ್ಷರಗಳನ್ನು ಗುರುತಿಸಲು ಬಂದರೆ ಮಾತ್ರ ಅದು ಹಲಾಲ್ ಆಹಾರದ ಅಂಗಡಿಯೆಂದು ತಿಳಿದೀತು. ಅಲ್ಲಿನ ಊಟದ ಪಟ್ಟಿಯಲ್ಲಿ ಬರಿದೇ ಮಾಂಸ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಹಂದಿಮಾಂಸ. ಬೇರೆ ಮಾಂಸವಾದರೆ ಪ್ರಾಣಿಯ ಹೆಸರನ್ನು ಸೇರಿಸಿರುತ್ತಾರೆ. ಇದನ್ನು ಅರಿಯದವನು ಕೋಳಿಯೆಂದು ನಂಬಿ ಬಟ್ಟಲೆತ್ತಿದರೆ ತಪ್ಪು ಯಾರದು? ಅಲ್ಲಿನ ಅಕ್ಷರ ಕಲಿಸದೆ ಅವನನ್ನು ಕಳುಹಿಸಿದ ನಮಗೆ ಅದರಲ್ಲಿ ಪಾಲಿಲ್ಲವೇ?

ಇದು ನಮ್ಮೊಬ್ಬರ ಸಮಸ್ಯೆಯೂ ಅಲ್ಲ. ಸಿದ್ದಾಪುರದ ಬಳಿಯ ಅಡಿಕೆ ಬೆಳೆಗಾರರೊಬ್ಬರು ಕಳೆದ ತಿಂಗಳು ಶಿರಸಿಯ ಅಡಿಕೆ ವ್ಯಾಪಾರದ ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ಸಾಯಬ್ರೇ, ನಿಮ್ಮ ಅಳಿಯ ಚೀನಾದಲ್ಲಿದ್ದಾನಂತೆ. ನಮ್ಮ ಮಾಣಿಯೂ ಹೋಗುತ್ತೇನೆ ಎನ್ನುತ್ತಾನೆ. ಅಲ್ಲಿ ಅವನಿಗೆ ಉಣ್ಣಲು ಏನಾದರೂ ಸಿಗುತ್ತದೆಯೇ?" ಎಂದರು. ಹುಡುಗನನ್ನು ಕೇಳಿ ತಿಳಿಸಿದೆ. ಸಸ್ಯಾಹಾರಕ್ಕೆ ಅಲ್ಲಿ "ಸು" ಎಂಬ ಪದವಿದೆ. ಬೌದ್ಧ ಸಂಪ್ರದಾಯದ ಸು ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಆದರೆ ಸಾಮಾನ್ಯ ಹೊಟೇಲಿನಲ್ಲಿ ಬರಿದೇ ತರಕಾರಿ ಕೊಡಿ ಎಂದರೆ ಅದರಲ್ಲಿ ಹಂದಿಯ ಕೊಬ್ಬೋ ಮಾಂಸದ ಚೂರೋ ಬೀಳುವುದುಂಟು. ಮುಸ್ಲಿಮನ ಮಗನಿಗೂ ಹವ್ಯಕರ ಮಗನಿಗೂ ಅಲ್ಲಿ ಅಪಾಯ ಒಂದೇ ಬಾಣಲೆಯಿಂದ. ಇಬ್ಬರಿಗೂ ಬೇಕಾದದ್ದು ನಾಲ್ಕು ಸರಿಯಾದ ವಾಕ್ಯಗಳು. ಆ ಹಿರಿಯರು ನನ್ನಿಂದ ಅವನ್ನು ಕನ್ನಡ ಲಿಪಿಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡು ಹೋದರು. ಸ್ವರದ ಏರಿಳಿತವನ್ನು ಚೀಟಿಯಲ್ಲಿ ಬರೆಯುವುದು ಹೇಗೆ? ಅವರನ್ನು ಕಳುಹಿಸಿಕೊಟ್ಟ ಮೇಲೆ ನನಗೇ ನಗು ಬಂತು.

ನಮ್ಮ ಸರ್ಕಾರದ ಧೋರಣೆಯನ್ನೂ ನೋಡಿ. 2019ರ ಶಿಕ್ಷಣ ನೀತಿಯ ಕರಡಿನಲ್ಲಿ ಪ್ರೌಢಶಾಲೆಯ ವಿದೇಶಿ ಭಾಷೆಗಳ ಉದಾಹರಣೆಯಲ್ಲಿ ಚೀನೀ ಭಾಷೆ ಇತ್ತು. 2020ರ ಜೂನ್‌ನಲ್ಲಿ ಗಲ್ವಾನ್ ಘರ್ಷಣೆ ನಡೆಯಿತು, ಆ್ಯಪುಗಳ ನಿಷೇಧವಾಯಿತು, ಜುಲೈನಲ್ಲಿ ಹೊರಬಂದ ಅಂತಿಮ ನೀತಿಯಲ್ಲಿ ಆ ಭಾಷೆಯ ಹೆಸರು ಮಾಯವಾಗಿತ್ತು. ಕೊರಿಯನ್, ಜಪಾನಿ, ಥಾಯ್, ರಷ್ಯನ್ ಉಳಿದವು. ಚೀನಾದಿಂದ ಸರಕು ಬರುವುದು ನಿಂತಿತೇ? ಇಲ್ಲ. ನಿಂತುಹೋಗಿದ್ದ ನೇರ ವಿಮಾನಗಳೂ 2025ರ ಅಕ್ಟೋಬರ್‌ನಲ್ಲಿ ಮತ್ತೆ ಹಾರಿದವು. ಗಡಿಯಲ್ಲಿ ಎದುರಾಗುವ ದೇಶದ ಭಾಷೆಯನ್ನು ಪಠ್ಯದಿಂದ ತೆಗೆದುಹಾಕುವುದು ಎಂಥ ದೇಶಭಕ್ತಿ? ಎದುರಾಳಿಯ ಪತ್ರವನ್ನು ಓದಲಾದರೂ ನಮ್ಮಲ್ಲಿ ಜನ ಬೇಡವೇ? ಪ್ರವಾದಿಯವರು ಝೈದ್ ಬಿನ್ ಸಾಬಿತ್‌ರಿಗೆ ಯಹೂದಿಯರ ಬರಹವನ್ನು ಕಲಿಯಲು ಆದೇಶಿಸಿದ್ದು ಇದೇ ಕಾರಣಕ್ಕಾಗಿ, ಪತ್ರವ್ಯವಹಾರದಲ್ಲಿ ಪರರನ್ನು ಅವಲಂಬಿಸದಿರಲು. ಕೆಲವೇ ದಿನಗಳಲ್ಲಿ ಅವರು ಅದನ್ನು ಕಲಿತರು. ಚೀನಾದ ಹೆಸರೆತ್ತಿದೊಡನೆ ವೇದಿಕೆಗಳಲ್ಲಿ ಉದ್ಧರಿಸುವ ಜ್ಞಾನಾರ್ಜನೆಯ ಆ ಪ್ರಸಿದ್ಧ ಮಾತು ದುರ್ಬಲ ಪರಂಪರೆಯದೆಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ಝೈದ್‌ರ ಈ ಘಟನೆ ನಮಗೆ ಸಾಕು.

ಇಂಟರ್ನ್‌ಶಿಪ್ ಎಂಬ ಪದದ ಹಿಂದೆ ಅಡಗಿರುವ ಅಪಾಯವನ್ನು ಪಾಲಕರು ಸ್ಪಷ್ಟವಾಗಿ ತಿಳಿಯಬೇಕು. ಚೀನಾದಲ್ಲಿ 2013ರಿಂದ ಜಾರಿಯಲ್ಲಿರುವ ಪ್ರವೇಶ ನಿರ್ಗಮನ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ವಿದ್ಯಾರ್ಥಿಯಾಗಿ ಹೋದವನು ಕಾಲೇಜಿನ ಹೊರಗೆ ಇಂಟರ್ನ್‌ಶಿಪ್ ಮಾಡಬೇಕಾದರೆ ಕಾಲೇಜಿನ ಒಪ್ಪಿಗೆ ಪಡೆಯಬೇಕು. ಬಳಿಕ ಪೊಲೀಸ್ ಇಲಾಖೆಗೆ ಅರ್ಜಿ ಕೊಟ್ಟು, ತನ್ನ ನಿವಾಸ ಪರವಾನಿಗೆಯ ಮೇಲೆ ಕೆಲಸದ ಸ್ಥಳವನ್ನೂ ಅವಧಿಯನ್ನೂ ನಮೂದಿಸಿಕೊಳ್ಳಬೇಕು. ಇದಿಲ್ಲದೆ ಒಂದು ದಿನ ದುಡಿದರೂ ಅದು ಅಕ್ರಮ. 5,000ದಿಂದ 20,000 ಯುವಾನ್‌ವರೆಗೆ ದಂಡ, ಗಂಭೀರ ಪ್ರಕರಣವಾದರೆ 5ರಿಂದ 15 ದಿನಗಳ ಬಂಧನ. ಮಾಲೀಕನಿಗೂ ದಂಡವಿದೆ, ಆದರೆ ಊರಿಗೆ ಮರಳಿ ಕಳುಹಿಸಲ್ಪಡುವವನು ಹುಡುಗ. ನಮ್ಮ ದೇಶದ 1983ರ ವಲಸೆ ಕಾಯ್ದೆಯಡಿಯ ಪರಿಶೀಲನೆ ರೂಪುಗೊಂಡದ್ದು ಮುಖ್ಯವಾಗಿ ಕೊಲ್ಲಿ ರಾಷ್ಟ್ರಗಳು, ಮಲೇಶ್ಯಾ ಮುಂತಾದ 18 ದೇಶಗಳಿಗೆ ದುಡಿಯಲು ಹೋಗುವ, ಮೆಟ್ರಿಕ್ ಪಾಸಾಗದವರಿಗಾಗಿ. ಚೀನಾ ಆ ಪಟ್ಟಿಯಲ್ಲಿರಲಿಲ್ಲ. ಓದಲು ಹೋಗಿ ದುಡಿಯತೊಡಗಿದ ಡಿಪ್ಲೊಮಾದ ಹುಡುಗ ಯಾರ ಕಣ್ಣಿಗೂ ಬೀಳುವುದಿಲ್ಲ. ಕರಾರಿನಲ್ಲಿ ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜೆ, ಕೈ ಸುಟ್ಟುಕೊಂಡರೆ ಆಸ್ಪತ್ರೆಯ ಖರ್ಚು ಯಾರದು ಎಂಬುದನ್ನು ಅವನು ತಾನೇ ಓದಿ ತಿಳಿಯಬೇಕು. ಇಲ್ಲದಿದ್ದರೆ ಆ ಆರು ತಿಂಗಳು ಕಲಿಕೆಯಾಗದೆ ಅಗ್ಗದ ಕೂಲಿಯಾಗುತ್ತದೆ.

ಎಷ್ಟು ಭಾಷೆ ಬೇಕು? ಆ ಭಾಷೆಗೆ ಎಚ್.ಎಸ್.ಕೆ. ಎಂಬ ಅಧಿಕೃತ ಪರೀಕ್ಷೆಯಿದೆ. 2010ರಲ್ಲಿ ಬಂದ ಆರು ಹಂತಗಳ ಕ್ರಮದಲ್ಲಿ ಮೊದಲ ಹಂತಕ್ಕೆ 150 ಪದ, ಮೂರನೆಯದಕ್ಕೆ 600, ನಾಲ್ಕನೆಯದಕ್ಕೆ 1,200. ಮೂರನೆಯ ಹಂತ ದಾಟದೆ ಯಾವ ಹುಡುಗನನ್ನೂ ಅಡುಗೆಮನೆಗೆ ಬಿಡಬಾರದೆಂಬುದು ನನ್ನ ಅಭಿಪ್ರಾಯ. 600 ಪದ ದೊಡ್ಡ ಮೊತ್ತವಲ್ಲ, ದಿನಕ್ಕೆ ಐದರಂತೆ ನಾಲ್ಕು ತಿಂಗಳು. ಮದುವೆಯ ಹಾಲಿಗೂ ಬಿರಿಯಾನಿಯ ಹಂಡೆಗಳಿಗೂ ಒಂದೇ ಸಂಜೆ ಲಕ್ಷಗಳನ್ನು ಸುರಿಯುವ ನಮ್ಮ ಶ್ರೀಮಂತರು, ಶಿರಸಿಯಲ್ಲಿ ಒಬ್ಬ ಶಿಕ್ಷಕನನ್ನಿಟ್ಟು ಸಂಜೆಯ ಭಾಷಾ ತರಗತಿ ನಡೆಸಲು ಹಣವಿಲ್ಲ ಎಂದರೆ ನಂಬಬೇಕೇ? ಮಸೀದಿ ಕಮಿಟಿಗಳ ಮದ್ರಸಾ ಕೋಣೆಗಳು ಮಗ್ರಿಬ್‌ನ ಬಳಿಕ ಬೀಗ ಹಾಕಿಕೊಂಡಿರುತ್ತವೆ. ಆ ತರಗತಿಯಲ್ಲಿ ಸಿದ್ದಾಪುರದ ಮಾಣಿಯೂ ಯಲ್ಲಾಪುರದ ಸಿದ್ದಿ ಹುಡುಗನೂ ಕುಳಿತುಕೊಳ್ಳಲಿ. ಹೆಣ್ಣುಮಕ್ಕಳೂ ಕುಳಿತುಕೊಳ್ಳಲಿ. ಏಳು ನೂರು ವರ್ಷಗಳ ಹಿಂದೆ ಹೊನ್ನಾವರದಲ್ಲಿ ಅವರಿಗಾಗಿ 13 ಶಾಲೆಗಳಿದ್ದವು. ಇಂದು ಭಾಷಾಂತರದ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡಬಹುದಾಗಿದೆ. ಚೀನಾ ಬೇಡವೆನ್ನುವವರಿಗೂ ಈ ಭಾಷೆ ವ್ಯರ್ಥವಲ್ಲ. ಸಿಂಗಾಪುರ, ಮಲೇಶ್ಯಾಗಳಲ್ಲಿ ಅದು ನಡೆಯುತ್ತದೆ. ಕಾರ್ಮಿಕರನ್ನು ಕರೆಸಿಕೊಳ್ಳಲು ತೈವಾನ್ 2024ರ ಫೆಬ್ರವರಿಯಲ್ಲಿ ಭಾರತದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದೆ. ಅಲ್ಲಿಯ ಭಾಷೆಯೂ ಮ್ಯಾಂಡರಿನ್ನೇ.

ಮರಳಿ ಬಂದವನು ಇಲ್ಲಿ ಏನು ಮಾಡಿಯಾನು ಎಂದು ಕೇಳುವವರಿಗೆ ನಮ್ಮ ಪೇಟೆ ಬೀದಿಯ ಗೋಬಿ ಮಂಚೂರಿ ಗಾಡಿಗಳನ್ನು ತೋರಿಸಬಯಸುತ್ತೇನೆ. ಚೀನೀ ತಿಂಡಿಯೆಂದು ನಾವು ಚಪ್ಪರಿಸುವ ಆ ಕೆಂಪು ಪದಾರ್ಥ ಚೀನಾದ್ದೇ ಅಲ್ಲ, ಭಾರತದಲ್ಲಿಯೇ ಹುಟ್ಟಿದ್ದು. ಅದರ ಕೆಂಪಿಗೆ ಬೆರೆಸುತ್ತಿದ್ದ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಶುದ್ಧವಾಗಿ, ಬಣ್ಣವಿಲ್ಲದೆ, ಹದವರಿತು ಬಾಣಲೆ ತಿರುವಬಲ್ಲ ಒಬ್ಬ ಹುಡುಗನಿಗೆ ಈ ಮೂರು ತಾಲೂಕುಗಳಲ್ಲಿ ಗಿರಾಕಿಗಳ ಕೊರತೆಯಾಗಲಾರದು.

ನಮ್ಮ ಹುಡುಗನಿಗೆ ನಾನು ಕೊಟ್ಟ ಸಲಹೆ ಇಷ್ಟೇ: ಸಹಿ ಹಾಕಬೇಡ, ಕರಾರನ್ನು ಕಾಲೇಜಿನ ಭಾಷಾ ಶಿಕ್ಷಕಿಯ ಬಳಿಗೆ ಒಯ್ದು ಸಾಲು ಸಾಲಾಗಿ ಓದಿಸಿಕೋ, ಪೊಲೀಸ್ ನಮೂದು ಆಗುವವರೆಗೆ ಕಾಯಿ. ಐದು ವಾರ ಕಾದ. ವಾರದ ರಜೆಯ ಸಾಲು ಕರಾರಿನಲ್ಲಿ ಇರಲೇ ಇಲ್ಲವೆಂದು ಓದಿದಾಗ ತಿಳಿಯಿತು. ಕೇಳಿ ಸೇರಿಸಿಕೊಂಡ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯ ಬಿಡುವನ್ನೂ ತಾನೇ ಮಾತನಾಡಿ ಒಪ್ಪಿಸಿದ. ಹಂದಿಮಾಂಸದ ಒಲೆ ಬೇರೆಯಿರುವ ಕಾರಣ ತನ್ನನ್ನು ತರಕಾರಿ ಮತ್ತು ಹಿಟ್ಟಿನ ವಿಭಾಗಕ್ಕೆ ಹಾಕಲು ಶಿಫು ಸಮ್ಮತಿಸಿದ್ದಾರೆಂದು ಮೊನ್ನೆ ತಿಳಿಸಿದ. ಸೋಮವಾರದಿಂದ ಕೆಲಸ. ಮೊದಲ ವಾರ ಪಾತ್ರೆ ತೊಳೆಯುವುದೇ ಎಂದು ತಾಯಿಗೆ ಇನ್ನೂ ಹೇಳಿಲ್ಲವಂತೆ. ಹೇಳುವ ಜವಾಬ್ದಾರಿಯನ್ನು ನನಗೆ ಒಪ್ಪಿಸಿದ್ದಾನೆ.